ಕುದುರೆಗೆ ಅಡುಗೆಮನೆಯ ತುತ್ತು: ಕೌಟಿಲ್ಯನ ಪಡಿಯೂ ಇಂದಿನ ಪಶುವೈದ್ಯವೂ

ಮನುಷ್ಯರು ತಿನ್ನುವುದರಲ್ಲಿ ಕುದುರೆಗೆ ಏನನ್ನು ಕೊಡಬಹುದು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಪಟ್ಟಿಗಳು ಕೈಗೆ ಬರುತ್ತವೆ. ಒಂದರಲ್ಲಿ ಕ್ಯಾರೆಟ್, ಸೇಬು. ಇನ್ನೊಂದರಲ್ಲಿ ಈರುಳ್ಳಿ, ಚಾಕೊಲೇಟ್. ಪಟ್ಟಿ ಬೇಕು, ಆದರೆ ಸಾಲದು ಎಂಬುದು ಈ ಟಿಪ್ಪಣಿಯ ವಾದ. ಸ್ವಭಾವದಿಂದಲೇ ವಿಷವಾದ ಪದಾರ್ಥಗಳು ಕೆಲವೇ. ಉಳಿದವು ಹಿತವೋ ಅಹಿತವೋ ಎಂಬುದನ್ನು ನಿರ್ಧರಿಸುವುದು ಕೊಟ್ಟ ಪ್ರಮಾಣ, ಕೊಟ್ಟ ರೂಪ ಮತ್ತು ಜೊತೆಗೆ ಹೊಟ್ಟೆ ಸೇರಿದ ಹುಲ್ಲು. ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವನ್ನು ಇಂದಿನ ಜೀರ್ಣಕ್ರಿಯಾ ವಿಜ್ಞಾನದ ಪಕ್ಕದಲ್ಲಿಟ್ಟು ಓದಿದರೆ ಈ ಮಾತು ಸ್ಪಷ್ಟವಾಗುತ್ತದೆ.

1. ಗ್ರಂಥದಲ್ಲಿರುವ ಪಡಿ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಈ ಗ್ರಂಥದ ಎರಡನೆಯ ಅಧಿಕರಣ, 30ನೆಯ ಅಧ್ಯಾಯ ಕುದುರೆಗಳಿಗೆ ಮೀಸಲು. ಉತ್ತಮ ದರ್ಜೆಯ ಕುದುರೆಗೆ ಅಲ್ಲಿ ಹೇಳಿರುವ ಪಡಿ ಹೀಗಿದೆ: ಅಕ್ಕಿ, ಜವೆ ಅಥವಾ ನವಣೆಯ ಜಾತಿಯ ಧಾನ್ಯ ಎರಡು ದ್ರೋಣ, ಅರೆ ಒಣಗಿಸಿದ್ದು ಇಲ್ಲವೆ ಅರೆ ಬೇಯಿಸಿದ್ದು, ಅದಿಲ್ಲದಿದ್ದರೆ ಬೇಯಿಸಿದ ಹೆಸರು ಅಥವಾ ಉದ್ದು. ಜೊತೆಗೆ ಒಂದು ಪ್ರಸ್ಥ ಜಿಡ್ಡು, 5 ಪಲ ಉಪ್ಪು, 50 ಪಲ ಮಾಂಸ. ಉಂಡೆ ನೆನೆಸಲು ಒಂದು ಆಢಕ ರಸ ಅಥವಾ ಅದರ ಎರಡರಷ್ಟು ಮೊಸರು. ಕುಡಿಯಲು ಒಂದು ಪ್ರಸ್ಥ ಸುರೆ ಅಥವಾ ಎರಡು ಪ್ರಸ್ಥ ಹಾಲು. ಮಧ್ಯಮ ಮತ್ತು ಅಧಮ ಕುದುರೆಗಳಿಗೆ ಕಾಲುಕಾಲು ಭಾಗ ಕಡಿಮೆ.

ಮೇಲ್ನೋಟಕ್ಕೆ ಇದು ಮನುಷ್ಯರ ಊಟವೇ. ಪ್ರಮಾಣವನ್ನು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಅದೇ ಅಧಿಕರಣದ ಕೋಷ್ಠಾಗಾರ ಪ್ರಕರಣದಲ್ಲಿ ಒಬ್ಬ ಗಂಡಸಿನ ಒಂದು ಹೊತ್ತಿನ ಊಟಕ್ಕೆ ಒಂದು ಪ್ರಸ್ಥ ಅಕ್ಕಿ ಎಂದಿದೆ. ದ್ರೋಣವೆಂದರೆ 16 ಪ್ರಸ್ಥ. ಅಂದರೆ ಕುದುರೆಯ ಧಾನ್ಯ 32 ಜನರ ಒಂದು ಹೊತ್ತಿನ ಅನ್ನಕ್ಕೆ ಸಮ. ಇಷ್ಟನ್ನು ಮಾತ್ರ ಓದಿದವರಿಗೆ ಇದು ಕುದುರೆಯನ್ನು ಕೊಲ್ಲುವ ಪಡಿ ಎನಿಸಿದರೆ ಆಶ್ಚರ್ಯವಿಲ್ಲ.

ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯಲ್ಲಿ ಅರ್ಧ ಭಾರ ಹಸಿ ಮೇವು, ಅದರ ಇಮ್ಮಡಿ ಹುಲ್ಲು ಎಂದಿದೆ. ಗ್ರಂಥದ ಅಳತೆಯಲ್ಲೇ ಭಾರವೆಂದರೆ 2000 ಪಲ. ಕಾಳು ತುಂಬಿದ ದೊಡ್ಡ ದ್ರೋಣ ಸುಮಾರು 200 ಪಲ. ಹೀಗೆ 400 ಪಲ ಧಾನ್ಯದ ಎದುರು 1000 ಪಲ ಹಸಿ ಮೇವು, 2000 ಪಲ ಹುಲ್ಲು ನಿಲ್ಲುತ್ತವೆ. ಹುಲ್ಲನ್ನು ಹಸಿ ಮೇವಿನ ಬದಲಿಗೆ ಎಂದು ಓದಿದರೆ ಮೇವಿನ ಪಾಲು ಇಳಿಯುತ್ತದೆ. ಹಸಿ ಮೇವಿನ ನೀರಿನಂಶ ಕಳೆದರೆ ಇನ್ನೂ ಇಳಿಯುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಧಾನ್ಯ ಒಟ್ಟು ತೂಕದ ಎಂಟನೆಯ ಒಂದು ಭಾಗಕ್ಕೂ ಕಡಿಮೆ, ಮಾಂಸ ನೂರಕ್ಕೆ ಒಂದೂವರೆಯಷ್ಟು. ಎರಡನೆಯ ಓದೇ ಸರಿಯಾಗಿದ್ದರೆ, ಇದು ಹುಲ್ಲಿನ ಊಟಕ್ಕೆ ಅಡುಗೆಮನೆಯ ಒಗ್ಗರಣೆ.

2. ಇಬ್ಬರು ಪರದೇಶಿಗಳ ಸಾಕ್ಷ್ಯ

13ನೆಯ ಶತಮಾನದ ಕೊನೆಯ ಭಾಗದಲ್ಲಿ ಪಾಂಡ್ಯರ ಕರಾವಳಿಗೆ ಹಡಗಿನಲ್ಲಿ ಬಂದಿಳಿಯುತ್ತಿದ್ದ ಅರಬ್ಬಿ, ಪಾರಸಿ ಕುದುರೆಗಳ ಬಗ್ಗೆ ಇಬ್ಬರು ಬರೆದಿದ್ದಾರೆ. ಅವುಗಳಿಗೆ ಮಾಂಸ ಬೆರೆಸಿದ ಅನ್ನ ಹಾಕುತ್ತಾರೆ ಎಂದು ಮಾರ್ಕೊ ಪೋಲೊ. ಹಸಿ ಜವೆಯ ಬದಲು ಹುರಿದ ಜವೆ, ಬೆಣ್ಣೆ ಹಾಕಿದ ಕಾಳು, ಕಾಯಿಸಿದ ಹಸುವಿನ ಹಾಲು ಕೊಡುತ್ತಾರೆ ಎಂದು ಪಾರಸಿ ಇತಿಹಾಸಕಾರ ವಸ್ಸಾಫ್. ಇಬ್ಬರಿಗೂ ಇದು ವಿಚಿತ್ರ. ಆ ಕುದುರೆಗಳು ಬೇಗ ಸಾಯುತ್ತಿದ್ದುದರಿಂದ ಅಡುಗೆಯೇ ಕಾರಣವೆಂದು ಓದುಗರೂ ನಂಬುತ್ತಾ ಬಂದಿದ್ದಾರೆ.

ಇಲ್ಲಿ ಒಂದು ತಿದ್ದುಪಡಿ ಬೇಕು. ಬೇಯಿಸುವುದು, ಹುರಿಯುವುದು ಕುದುರೆಗೆ ಕೇಡಲ್ಲ. ಜವೆ, ಮೆಕ್ಕೆಜೋಳಗಳ ಹಸಿ ಪಿಷ್ಟ ಸಣ್ಣ ಕರುಳಿನಲ್ಲಿ ಪೂರ್ತಿ ಕರಗುವುದಿಲ್ಲ. ಬಿಸಿ ತಾಗಿದ ಪಿಷ್ಟ ಹೆಚ್ಚು ಕರಗುತ್ತದೆ. ತುಪ್ಪ, ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿದರೆ, ಪಿತ್ತಕೋಶವೇ ಇಲ್ಲದ ಈ ಪ್ರಾಣಿ ಅದನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಹಾಲಿನ ವಿಷಯ ಬೇರೆ: ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಮರಿ ಬೆಳೆದು ಮೂರ್ನಾಲ್ಕು ವರ್ಷವಾಗುವ ಹೊತ್ತಿಗೆ ಬಹಳ ಕುಗ್ಗುತ್ತದೆ. ದೊಡ್ಡ ಕುದುರೆಗೆ ಹಾಲು ಹೆಚ್ಚಾದರೆ ಭೇದಿ.

3. ಗಂಟಲು ಮತ್ತು ಕರುಳು

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು, 8ರಿಂದ 15 ಲೀಟರ್. ನಾರನ್ನು ಹುದುಗಿಸುವ ಕೆಲಸ ನಡೆಯುವುದು ಹಿಂದಿನ ಕರುಳಿನಲ್ಲಿ. ಸಣ್ಣ ಕರುಳಿನಲ್ಲಿ ಕರಗದೆ ಉಳಿದ ಪಿಷ್ಟ ಅಲ್ಲಿಗೆ ಹರಿದರೆ ಲ್ಯಾಕ್ಟಿಕ್ ಆಮ್ಲ ಏರುತ್ತದೆ, ನಾರು ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಮುಂದೆ ಹೊಟ್ಟೆಶೂಲೆ, ಅಥವಾ ಗೊರಸಿನ ಒಳಪದರಗಳು ಉರಿಗೊಂಡು ಕುಂಟಿಸುವ ಲ್ಯಾಮಿನೈಟಿಸ್.

ಆದ್ದರಿಂದ ಒಂದು ಹೊತ್ತಿಗೆ ದೇಹತೂಕದ ಕಿಲೋಗೆ ಸುಮಾರು 1 ಗ್ರಾಂ ಪಿಷ್ಟ ಮೀರಬಾರದು ಎಂಬುದು ಇಂದಿನ ಎಚ್ಚರಿಕೆಯ ಮಿತಿ. 300 ಕಿಲೋದ ಟಾಂಗಾ ಕುದುರೆಗೆ ಇದು ಸುಮಾರು 400 ಗ್ರಾಂ ಅಕ್ಕಿಯ ಅನ್ನಕ್ಕೆ ಬರುತ್ತದೆ. ಛತ್ರದಲ್ಲಿ ಮಿಕ್ಕ ಒಂದು ಬಕೆಟ್ ಅನ್ನ ಈ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಮಕ್ಕಳು ಕೊಟ್ಟ ಒಂದು ಚಪಾತಿ ದಾಟುವುದಿಲ್ಲ. ಮೇವು ಮಾತ್ರ ದಿನಕ್ಕೆ ದೇಹತೂಕದ ಶೇ. 1.5ಕ್ಕಿಂತ ಕಡಿಮೆಯಾಗಬಾರದು, ಅದೂ ಒಣ ತೂಕದಲ್ಲಿ.

ರೂಪವೂ ಅಷ್ಟೇ ಮುಖ್ಯ. ಕ್ಯಾರೆಟ್ಟನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದರೆ ಬಿಲ್ಲೆ ಅಗಿಯದೆ ಜಾರಿ ಅನ್ನನಾಳದಲ್ಲಿ ಬೆಣೆಯಂತೆ ಕೂರಬಹುದು. ಆಗ ಕುದುರೆ ಕತ್ತು ಚಾಚಿ ಕೆಮ್ಮುತ್ತದೆ; ಮೂಗಿನ ಹೊಳ್ಳೆಗಳಿಂದ ಜೊಲ್ಲು ಬೆರೆತ ಮೇವು ಇಳಿಯುತ್ತದೆ. ಕೂಡಲೇ ವೈದ್ಯರನ್ನು ಕರೆಸಬೇಕು. ಅದೇ ಕ್ಯಾರೆಟ್ಟನ್ನು ಬೆರಳುದ್ದಕ್ಕೆ ಸೀಳಿ ಕೊಟ್ಟರೆ ಕುದುರೆ ಹಲ್ಲಿಗೆ ಹಾಕಿ ಅರೆಯುತ್ತದೆ. ಸೇಬು, ಸೌತೆ, ಬೀಟ್‌ರೂಟ್, ಕಲ್ಲಂಗಡಿ ಸಿಪ್ಪೆ, ಸಿಪ್ಪೆ ಸಮೇತ ಬಾಳೆಹಣ್ಣು ಇದೇ ಸಾಲಿನವು. ಮಾವನ್ನು ವಾಟೆ ತೆಗೆದು ಕೊಡಬೇಕು. ಮೆತ್ತಗಿನ ಬ್ರೆಡ್ಡು, ಹಸಿ ಹಿಟ್ಟಿನ ಮುದ್ದೆ ಅಂಟಿಕೊಳ್ಳುವುದರಿಂದ ಬೇಡ. ಬೆಲ್ಲದ ಚೂರು ಆರೋಗ್ಯವಂತ ಕುದುರೆಗೆ ತೊಂದರೆ ಕೊಡದು. ಹಿಂದೆ ಲ್ಯಾಮಿನೈಟಿಸ್ ಆದ, ಇಲ್ಲವೆ ಬೊಜ್ಜು ಬೆಳೆದ ಕುದುರೆಗೆ ಸಿಹಿ ಹಣ್ಣೂ ಬೇಡ.

4. ಹುರುಳಿ ಮತ್ತು ಬೂಸಾ

ಕೌಟಿಲ್ಯನ ಪಡಿಯಲ್ಲಿ ಹೆಸರು, ಉದ್ದು ಇವೆ. ನಮ್ಮ ಒಣಸೀಮೆಯ ಹುರುಳಿ ಇಲ್ಲ. ಆದರೂ ತತ್ತ್ವ ಒಂದೇ. ಹಸಿ ದ್ವಿದಳ ಕಾಳುಗಳಲ್ಲಿ ಪ್ರೋಟೀನ್ ಅರಗಲು ಬಿಡದ ಟ್ರಿಪ್ಸಿನ್ ತಡೆಕಗಳಿರುತ್ತವೆ. ಬೇಯಿಸಿದಾಗ ಅವು ಬಹುಮಟ್ಟಿಗೆ ನಾಶವಾಗುತ್ತವೆ. ಹುರುಳಿಯನ್ನು ಎರಡು ಬೆರಳ ನಡುವೆ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಿ, ಆರಿಸಿ, ಹುಲ್ಲಿನ ಜೊತೆ ಕೊಡುವ ಪದ್ಧತಿಗೆ ಹೀಗೆ ಗಟ್ಟಿ ಆಧಾರವಿದೆ.

ಬೂಸಾದ ವಿಷಯದಲ್ಲಿ ಪದ್ಧತಿ ದಾರಿ ತಪ್ಪಿದೆ. ಗೋಧಿ ಬೂಸಾ ಹಗುರ, ಹಿತ ಎಂಬ ನಂಬಿಕೆ ವ್ಯಾಪಕ. ಅದರಲ್ಲಿ ರಂಜಕ ಸುಣ್ಣದಂಶದ ಎಂಟು ಹತ್ತು ಪಟ್ಟು. ಅಕ್ಕಿ ತೌಡಿನಲ್ಲೂ ರಂಜಕದ್ದೇ ಮೇಲುಗೈ. ತಿಂಗಳುಗಟ್ಟಲೆ ಇದೇ ಮುಖ್ಯ ಆಹಾರವಾದರೆ ದೇಹ ಮೂಳೆಯಿಂದ ಸುಣ್ಣ ಎಳೆದುಕೊಳ್ಳುತ್ತದೆ. ದವಡೆ, ಮುಖದ ಮೂಳೆಗಳು ಊದಿಕೊಳ್ಳುತ್ತವೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಲ್ಲಿ ಇದು ಹೆಚ್ಚಾಗಿ ಕಾಣುತ್ತಿತ್ತು. ವಾರಕ್ಕೊಮ್ಮೆ ಹಿಡಿಯಷ್ಟು ಬೂಸಾ ಅಪಾಯವಲ್ಲ. ದಿನವೂ ಕೊಡುವವರು ಸುಣ್ಣದಂಶ ಹೇರಳವಾಗಿರುವ ಕುದುರೆ ಮಸಾಲೆ ಸೊಪ್ಪನ್ನು ಜೊತೆಗಿಡಬೇಕು. ಬೂಷ್ಟು ಹಿಡಿದ ಮೆಕ್ಕೆಜೋಳ ಮಾತ್ರ ಯಾವ ಪ್ರಮಾಣದಲ್ಲೂ ಸಲ್ಲದು: ಅದರಲ್ಲಿ ಬೆಳೆಯುವ ಫ್ಯುಮೋನಿಸಿನ್ ಕುದುರೆಯ ಮೆದುಳನ್ನೇ ಕರಗಿಸುತ್ತದೆ.

5. ನಿಜವಾದ ವಿಷಗಳು

ಈರುಳ್ಳಿ, ಬೆಳ್ಳುಳ್ಳಿಗಳ ಗಂಧಕಯುಕ್ತ ಅಂಶಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೆನಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕುದುರೆಗಳು ಒಣಗಿಸಿದ ಬೆಳ್ಳುಳ್ಳಿಯನ್ನು ತಾವಾಗಿಯೇ ತಿಂದು ರಕ್ತಹೀನತೆಗೆ ಒಳಗಾದವು. ಅವು ತಿಂದದ್ದು ದೇಹತೂಕದ ಕಿಲೋಗೆ 0.2 ಗ್ರಾಂ ಮೀರಿದ ಪ್ರಮಾಣ. ಪ್ರಾಣಿಗೆ ತನಗೆ ಆಗದ್ದು ತಿಳಿದಿರುತ್ತದೆ ಎಂಬ ಮಾತಿಗೆ ಇದೇ ಉತ್ತರ. ಈರುಳ್ಳಿ ಪಕೋಡ, ಮಸಾಲೆ ದೋಸೆಯ ಪಲ್ಯ ಈ ಕಾರಣಕ್ಕೇ ಬೇಡ.

ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಕಾಣುವ, ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣಿನ ಪರ್ಸಿನ್ ಕುದುರೆಯ ಹೃದಯಸ್ನಾಯುವಿಗೆ ಪೆಟ್ಟು ಕೊಡುತ್ತದೆ, ತಲೆ ಕತ್ತು ಊದಿಸುತ್ತದೆ. ಎಲೆಯಲ್ಲಿ ವಿಷ ಹೆಚ್ಚು. ಹಾಗೆಂದು ಹಣ್ಣು ನಿರಪಾಯವಲ್ಲ. ಹಸಿರು ತಿರುಗಿದ ಆಲೂಗಡ್ಡೆ, ಟೊಮೆಟೊ ಗಿಡದ ಹಸಿರು ಭಾಗಗಳನ್ನೂ ದೂರವಿಡಬೇಕು. ಎಲೆಕೋಸು, ಹೂಕೋಸು ವಿಷವಲ್ಲ, ಆದರೆ ಹೊಟ್ಟೆಯುಬ್ಬರ ತರುತ್ತವೆ.

ರೇಸ್ ಕುದುರೆಗಳಿಗೆ ಇನ್ನೊಂದು ಕಟ್ಟು ಇದೆ. ಚಾಕೊಲೇಟಿನ ಥಿಯೊಬ್ರೊಮಿನ್, ಕಾಫಿ ಟೀಯ ಕೆಫೀನ್ ಅಲ್ಲಿ ನಿಷಿದ್ಧ. ಗಸಗಸೆಯೂ ಅಷ್ಟೇ. 2014ರ ರಾಯಲ್ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆದ ಬ್ರಿಟನ್ ರಾಣಿಯ ಕುದುರೆ ‘ಎಸ್ಟಿಮೇಟ್’ನ ಮಾದರಿಯಲ್ಲಿ ಮಾರ್ಫಿನ್ ಸಿಕ್ಕಿ ಆ ಸ್ಥಾನ ರದ್ದಾಯಿತು, ಮೂಲ ಹುಡುಕಿದಾಗ ಸಿಕ್ಕಿದ್ದು ಗಸಗಸೆಯ ಅಂಶ ಬೆರೆತ ಮೇವು.

ರುಚಿಯ ಕಡೆಯಿಂದ ಒಂದು ಸಮಾಧಾನವೂ ಇದೆ. ಇಂಗ್ಲೆಂಡಿನಲ್ಲಿ ನಡೆದು 2005ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಕುದುರೆಗಳು ಮೊದಲ ಆಯ್ಕೆಯಾಗಿ ಮೆಂತ್ಯದ ಪರಿಮಳವನ್ನು, ಆಮೇಲೆ ಬಾಳೆಹಣ್ಣಿನದನ್ನು ಆರಿಸಿದವು; ಜೀರಿಗೆ ಕ್ಯಾರೆಟ್ಟಿಗಿಂತ ಮೇಲೆ ನಿಂತಿತು. ಮುದ್ದು ಮಾಡಲು ಸಕ್ಕರೆಯೇ ಬೇಕೆಂದಿಲ್ಲ.

6. ನಿರ್ಣಯ

ಹೀಗಾಗಿ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು. ಇದರಲ್ಲಿ ಸ್ವಭಾವದ ವಿಷ ಇದೆಯೇ? ಗಂಟಲಲ್ಲಿ ಸಿಕ್ಕಿಕೊಳ್ಳುವ ರೂಪದಲ್ಲಿದೆಯೇ? ಈ ಹೊತ್ತಿನ ಪಿಷ್ಟದ ಮಿತಿಯೊಳಗಿದೆಯೇ? ಮೂರನೆಯದು ಒಬ್ಬರ ಕೈತುತ್ತಿಗೆ ಅಷ್ಟಾಗಿ ಅನ್ವಯಿಸದು. ಟಾಂಗಾ ನಿಲ್ದಾಣದಲ್ಲಿ ದಿನವಿಡೀ ಬಂದುಹೋಗುವ ಹತ್ತಾರು ಪ್ರವಾಸಿಗರು ಕೊಡುವ ತಿಂಡಿ ಒಟ್ಟು ಸೇರಿದಾಗ ಖಂಡಿತ ಅನ್ವಯಿಸುತ್ತದೆ. ಆ ಲೆಕ್ಕ ಇಡಬಲ್ಲವರು ಕುದುರೆಯವರೇ. ಆದ್ದರಿಂದ ಕೊಡುವವರ ಮೊದಲ ಕರ್ತವ್ಯ ಅವರನ್ನು ಕೇಳುವುದು.