ಶ್ರೀರಂಗಪಟ್ಟಣದ ಕೋಟೆಯೂ ಅದರ ಕಾವಲೂ

ಶ್ರೀರಂಗಪಟ್ಟಣದ ಪತನಕ್ಕೆ ಮೀರ್ ಸಾದಕನ ದ್ರೋಹವೊಂದೇ ಕಾರಣವೆಂಬ ಮಾತು ಜನರಲ್ಲಿ ರೂಢಮೂಲವಾಗಿದೆ. ಆದರೆ ಈ ಕೋಟೆಯು ಹಿಂದಿನ ಮುತ್ತಿಗೆಗಳಲ್ಲಿ ಏತರಿಂದ ಉಳಿಯಿತು, 1799ರಲ್ಲಿ ಏತರಿಂದ ಬಿದ್ದಿತು ಎಂಬುದನ್ನು ಹೋಲಿಸಿ ನೋಡಿದಲ್ಲದೆ ನಿಜಸ್ಥಿತಿಯು ತಿಳಿಯದು.

ನಾಗಮಂಗಲದ ಹೆಬ್ಬಾರ ತಿಮ್ಮಣ್ಣನು ವಿಜಯನಗರದ ಅರಸರ ಅಪ್ಪಣೆಯನ್ನು ಪಡೆದು 1454ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಐತಿಹ್ಯವುಂಟು. ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪದ ಪಶ್ಚಿಮಾಗ್ರದಲ್ಲಿರುವ ಈ ಸ್ಥಳಕ್ಕೆ ಮಳೆಗಾಲದಲ್ಲಿ ನದಿಯೇ ಅಗಳು. ಬೇಸಗೆಯಲ್ಲಿ ಮಾತ್ರ ಬಂಡೆಗಳು ಮೇಲೆದ್ದು ಹೊಳೆಯನ್ನು ದಾಟುವಂತಾಗುತ್ತಿತ್ತು. ಆದಕಾರಣ ಮುಂಗಾರಿನವರೆಗೆ ಗೋಡೆ ಒಡೆಯದೆ, ಕಾವಲು ಕದಲದೆ ನಿಂತರೆ ಶತ್ರುವು ತಾನಾಗಿ ಹಿಂದಿರುಗಬೇಕಾಗುತ್ತಿತ್ತು.

ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಮೊದಲಲ್ಲಿ ಬಿಜಾಪುರದ ರಣದುಲ್ಲಾಖಾನನ ಸೇನೆಯು ಇಲ್ಲಿಂದ ಹಿಮ್ಮೆಟ್ಟಿತು. 1771ರಲ್ಲಿ ಪಾಂಡವಪುರದ ಸೀಮೆಯ ಚಿನಕುರಳಿಯಲ್ಲಿ ಹೈದರನ ದಂಡು ಮರಾಠರಿಂದ ಛಿನ್ನಭಿನ್ನವಾಯಿತು. ಆದರೂ ಕೋಟೆಯು ಅವರ ವಶವಾಗಲಿಲ್ಲ. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಜಯ ಹೊಂದಿದ ಕಾರ್ನ್‌ವಾಲಿಸನೂ ಆಹಾರವಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಕೆಡಿಸಿ ಹಿಂದಿರುಗಿದನು. 1792ರ ಫೆಬ್ರವರಿ 6ರ ರಾತ್ರಿ ಹಿರೋಡೆಯ, ಎಂದರೆ ಇಂದಿನ ಪಾಂಡವಪುರದ, ಕಡೆಯಿಂದ ಬಂದ ಅವನ ಸೇನೆಯು ಹೊರಗಿನ ಸಾಲುಗಳನ್ನು ಭೇದಿಸಿ ದ್ವೀಪವನ್ನು ಹೊಕ್ಕಿತು. ಟೀಪುವು ಅರ್ಧರಾಜ್ಯವನ್ನು ತೆರಬೇಕಾಯಿತಾದರೂ ಕೋಟೆಯು ಉಳಿಯಿತು. ಹೊರಗಣ ಸೀಮೆಗೆ ಈ ಭಾಗ್ಯವಿರಲಿಲ್ಲ. ನಾಗಮಂಗಲವೂ, ಇಂದು ಕೃಷ್ಣರಾಜಪೇಟೆಯೆನಿಸಿರುವ ಅತ್ತಿಕುಪ್ಪೆಯೂ ದಂಡುಗಳ ದಾರಿಗೆ ತೆರೆದಿದ್ದವು. ನಾಗಮಂಗಲವಂತೂ ಟೀಪುವಿನ ಕಾಲದ ಯುದ್ಧದಲ್ಲಿ ಮರಾಠರಿಂದ ಹಾಳಾಯಿತು.

1799ರಲ್ಲಿ ಸ್ಥಿತಿಯು ಬೇರೆಯಾಯಿತು. ಆಂಗ್ಲರು ಹೊಳೆಯ ನೀರು ತಗ್ಗಿದ್ದ ಕಾಲದಲ್ಲಿ ವಾಯವ್ಯ ಮೂಲೆಯ ಬಳಿ ಫಿರಂಗಿಗಳನ್ನು ಹೂಡಿ ಪಶ್ಚಿಮದ ಗೋಡೆಯನ್ನು ಒಡೆದರು. ಮೇ 4ರಂದು, ಆ ಬಿರುಕನ್ನು ಕಾಯುತ್ತಿದ್ದ ಸಯ್ಯದ್ ಗಫಾರನು ಗುಂಡಿಗೆ ಸಿಕ್ಕಿ ಮಡಿದನು. ಸಂಬಳದ ನೆಪದಿಂದ ಸಿಪಾಯಿಗಳನ್ನು ಅಲ್ಲಿಂದ ಕರೆಸಿಕೊಂಡರೆಂಬ ಪ್ರತೀತಿಯೂ ಉಂಟು. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಬೇರ್ಡನ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ದಂಡು ಹೊಳೆಯನ್ನು ದಾಟಿ ಗೋಡೆಯನ್ನೇರಿತು. ಒಳಗೆ ಮತ್ತೊಂದು ಅಗಳೂ ಗೋಡೆಯೂ ಇದ್ದುವು. ಆದರೆ ಅಲ್ಲಿ ಕ್ರಮವಾಗಿ ನಿಂತು ಕಾಯುವವರು ಸಾಲದೆ ಹೋದರು. ಅದೇ ದಿನ ಟೀಪುವೂ ಹೋರಾಡುತ್ತ ಮಡಿದನು.

ಫುಟ್‌ಬಾಲ್ ಪಂದ್ಯದಲ್ಲಿ ಹಿಂದೆ ನಿಂತು ಕಾಯುವವರಲ್ಲಿ ಒಬ್ಬನು ಗಾಯಗೊಂಡು ಹೊರಬಿದ್ದರೆ ಉಳಿದವರ ಸ್ಥಾನವೆಲ್ಲ ಕದಲುವುದುಂಟು. ಕೋಟೆಯ ಕಾವಲಿನ ಸ್ಥಿತಿಯೂ ಅಂತಹುದೇ. ಹಿಂದೆ ಬಯಲಿನಲ್ಲಿ ಸೋತರೂ ಗೋಡೆಯು ಅಖಂಡವಾಗಿದ್ದುದರಿಂದ ರಾಜಧಾನಿಯು ಉಳಿಯಿತು. 1799ರಲ್ಲಿ ಗೋಡೆಯೂ ನಾಯಕನೂ ಒಟ್ಟಿಗೆ ಹೋದುದರಿಂದ ಬಿದ್ದಿತು. ದ್ರೋಹವು ನಡೆದಿದ್ದರೂ ಅದಕ್ಕೆ ಎಡೆಗೊಟ್ಟುದು ಆ ಬಿರುಕೇ. ಸೋಲಿನ ಹೊರೆಯನ್ನೆಲ್ಲ ಒಬ್ಬನ ತಲೆಗೆ ಕಟ್ಟಿದರೆ, ಅಲ್ಲಿ ನಿಂತು ಮಡಿದವರ ಚರಿತ್ರೆಯು ಮರೆಯಾಗುವುದು.