ಕಿರುಚಿತ್ರದ ದೀರ್ಘ ದಾರಿ

ಚಲನಚಿತ್ರವು ಹುಟ್ಟಿದ್ದೇ ಕಿರುಚಿತ್ರವಾಗಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ತೋರಿಸಿದ ಲೂಮಿಯೇರ್ ಸಹೋದರರ ಚಿತ್ರಗಳು ತಲಾ ಒಂದು ನಿಮಿಷದೊಳಗಿನವು. ಮುಂದೆ ದೀರ್ಘ ಚಿತ್ರಗಳು ಬಂದು, ಕಿರಿದಾದುದಕ್ಕೆ ಚಿತ್ರಮಂದಿರದಲ್ಲಿ ಸ್ಥಳವಿಲ್ಲದಾಯಿತು. 2005ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ಅದಕ್ಕೆ ಮತ್ತೆ ನೆಲೆ ದೊರೆಯಿತು; ಅಲ್ಲಿನ ಮೊದಲ ದೃಶ್ಯವೂ 19 ಸೆಕೆಂಡುಗಳದೇ.

2024ರಲ್ಲಿ ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿ ನಿರ್ದೇಶಿಸಿದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಗಳಿಸಿತು. ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ದುದರಿಂದ ಊರಿಗೆ ಬೆಳಕೇ ಹರಿಯದ ಜನಪದ ಕಥೆಯದು.

ನಮ್ಮ ಮುದಗಲ್ಲಿನ ಅಜ್ಜಿಯರ ಕಥೆಗಳು ಅವರೊಂದಿಗೇ ಮಣ್ಣಾಗುತ್ತಿವೆ. ಪ್ರಿಯ ಶಿಷ್ಯರೇ, ಒಳ್ಳೆಯ ಕಿರುಚಿತ್ರ ಕಂಡರೆ ಪರಸ್ಪರ ಹಂಚಿಕೊಳ್ಳಿ. ನಿಮ್ಮ ಮೊಬೈಲಿನಲ್ಲಿ ಅಜ್ಜಿಯ ಒಂದು ಕಥೆಯನ್ನಾದರೂ ಹಿಡಿದಿಡಿ.