ನಾಲ್ಕು ಸ್ಥಾನಗಳ ಪ್ರಾತಿನಿಧ್ಯ: ನೈಜೀರಿಯಾ, 1923

ಬ್ರಿಟಿಷ್ ಪಶ್ಚಿಮ ಆಫ್ರಿಕಾದ ವಸಾಹತುಗಳಲ್ಲಿ ಶಾಸನ ಪರಿಷತ್ತಿಗೆ ಮೊದಲು ಚುನಾವಣೆ ನಡೆದುದು ನೈಜೀರಿಯಾದಲ್ಲಿ, 1923ರಲ್ಲಿ. ಬ್ರಿಟಿಷ್ ಪಶ್ಚಿಮ ಆಫ್ರಿಕಾ ರಾಷ್ಟ್ರೀಯ ಕಾಂಗ್ರೆಸ್ಸಿನ ಪ್ರಾತಿನಿಧ್ಯದ ಬೇಡಿಕೆಯನ್ನು 1920ರಲ್ಲಿ ಹೀಗಳೆದಿದ್ದ ಗವರ್ನರ್ ಹ್ಯೂ ಕ್ಲಿಫರ್ಡ್ ಅವರೇ 1922ರ ಸಂವಿಧಾನದಲ್ಲಿ ನಾಲ್ಕು ಚುನಾಯಿತ ಸ್ಥಾನಗಳಿಗೆ ಅವಕಾಶವಿತ್ತರು: ಲಾಗೋಸಿಗೆ ಮೂರು, ಕಲಬಾರಿಗೆ ಒಂದು. ಮತಾಧಿಕಾರ ವಾರ್ಷಿಕ 100 ಪೌಂಡ್ ಆದಾಯವುಳ್ಳ ವಯಸ್ಕ ಪುರುಷರಿಗೆ ಮಾತ್ರ. ಪರಿಷತ್ತಿನಲ್ಲಿ ಸರ್ಕಾರಿ ಅಧಿಕಾರಿಗಳದೇ ಬಹುಮತ. ಉತ್ತರ ಪ್ರಾಂತಗಳಿಗೆ ಅದು ಕಾನೂನು ರೂಪಿಸುವಂತಿರಲಿಲ್ಲ. ಅಲ್ಲಿ ಗವರ್ನರರ ಘೋಷಣೆಯೇ ಶಾಸನವಾಗಿತ್ತು.

ಆದರೂ ಈ ಚುನಾವಣೆಯನ್ನು ಬರಿಯ ತೋರಿಕೆಯೆಂದು ಬದಿಗಿರಿಸಲಾಗದು. ಆ ವರ್ಷವೇ ಹರ್ಬರ್ಟ್ ಮೆಕಾಲೆ ಅವರು ಕಟ್ಟಿದ ನೈಜೀರಿಯನ್ ನ್ಯಾಷನಲ್ ಡೆಮಾಕ್ರಟಿಕ್ ಪಕ್ಷವು ಲಾಗೋಸಿನ ಮೂರೂ ಸ್ಥಾನಗಳನ್ನು ಗೆದ್ದಿತು. ಹಿಂದಿನ ಶಿಕ್ಷೆಯ ಕಾರಣ ಮೆಕಾಲೆ ಅವರೇ ಸ್ಪರ್ಧಿಸುವಂತಿರಲಿಲ್ಲ. ಅವರ ಬೆನ್ನಿಗಿದ್ದ ಮಾರುಕಟ್ಟೆಯ ಮಹಿಳೆಯರಿಗೂ ಮತವಿರಲಿಲ್ಲ. ಹೀಗೆ ಪಕ್ಷದ ಬಲವು ಮತದಾರರ ಪಟ್ಟಿಯ ಆಚೆಗೂ ಹಬ್ಬಿತ್ತು. ಆದರೆ ಸ್ಥಾನಗಳ ಹಂಚಿಕೆ ಹಾಕಿಕೊಟ್ಟ ಎಲ್ಲೆಯನ್ನು ಅದು ದಾಟಲಿಲ್ಲ: ಹೆಸರಿನಲ್ಲಿ ರಾಷ್ಟ್ರವಿದ್ದರೂ ಅದು ಲಾಗೋಸಿನ ಪಕ್ಷವಾಗಿಯೇ ಉಳಿಯಿತು. 1938ರಲ್ಲಿ ನೈಜೀರಿಯನ್ ಯೂತ್ ಮೂವ್‌ಮೆಂಟ್ ಅದನ್ನು ಸೋಲಿಸಿತು. ಯಾರಿಗೆ ಮತವೆಂಬುದರಷ್ಟೇ, ಸ್ಥಾನ ಎಲ್ಲಿಗೆಂಬುದೂ ವಸಾಹತಿನ ರಾಜಕಾರಣದ ಸ್ವರೂಪವನ್ನು ನಿರ್ಧರಿಸಿತು.